ಓದುಗರ ಪ್ರಶ್ನೆ: ಮೆಲ್ಬರ್ನ್‌ನ ಆ ಕಜೇಲಿ ಯಾರು?

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯ ಅಲ್ಲಿನ ಫೂಟಿ (ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್) ಮ್ಯಾಚಿಗೆ ಕರೆದುಕೊಂಡು ಹೋಗಿದ್ದರು. ಒಬ್ಬ ಹುಡುಗ ಇನ್ನೊಬ್ಬನ ಹೆಗಲ ಮೇಲೇ ಏರಿದ ಹಾಗೆ ಜಿಗಿದು ಚೆಂಡು ಹಿಡಿದ. ಪಕ್ಕದಲ್ಲಿದ್ದ ಅಜ್ಜ ಎದ್ದು ನಿಂತು 'ಅಪ್ ದೇರ್ ಕಜೇಲಿ' ಅಂತ ಕೂಗಿದರು. ಆಡುತ್ತಿದ್ದವನ ಹೆಸರು ಅದಲ್ಲ! ಅದೇ ಮಾತಿನ ಒಂದು ಹಾಡೂ ಇದೆಯಂತೆ. ಯಾರು ಈ ಕಜೇಲಿ? ಹಾಡಿಗೋಸ್ಕರ ಹುಟ್ಟಿಸಿದ ಹೆಸರಾ?
– ಓದುಗರೊಬ್ಬರು, ಹಾಸನ

ಉತ್ತರ: ಅಲ್ಲ, ನಿಜವಾದ ಮನುಷ್ಯನೇ. ಹೆಸರು ರಾಯ್ ಕಜೇಲಿ, 1893ರಲ್ಲಿ ಮೆಲ್ಬರ್ನ್‌ನ ಆಲ್ಬರ್ಟ್ ಪಾರ್ಕ್‌ನಲ್ಲಿ ಹುಟ್ಟಿದವರು.

ಈ ಆಟದ ದೊಡ್ಡ ಲೀಗಿಗೆ ಅವರು ಕಾಲಿಟ್ಟಿದ್ದೇ ತಮಾಷೆಯಾಗಿದೆ. 1911ರಲ್ಲಿ ಸೇಂಟ್ ಕಿಲ್ಡಾ ಕ್ಲಬ್ಬಿನ ಆಟಗಾರರು ಕಮಿಟಿ ಜೊತೆ ಜಗಳ ಮಾಡಿಕೊಂಡು ಮುಷ್ಕರ ಹೂಡಿದರು, ಆಗ ಜಾಗ ತುಂಬಿಸಲು ಸಿಕ್ಕ ಹುಡುಗರಲ್ಲಿ ಇವರೂ ಒಬ್ಬರು. ಹಾಗೆ ಬಂದವರು 99 ಪಂದ್ಯ ಆಡಿದರು. 1921ರಲ್ಲಿ ಸೌತ್ ಮೆಲ್ಬರ್ನ್ ಕ್ಲಬ್ಬಿಗೆ ಹೋಗಿ ಅಲ್ಲೂ ಸರಿಯಾಗಿ 99!

ಈ ಆಟದಲ್ಲಿ ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಹಿಡಿದರೆ ಅದು 'ಮಾರ್ಕ್'. ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಅವಕಾಶ. ಅಂದ್ರೆ ಎತ್ತರದವರದ್ದೇ ರಾಜ್ಯ, ಅಲ್ವಾ? ಆದರೆ ಕಜೇಲಿ ಆರಡಿಯೂ ಇರಲಿಲ್ಲ. ಮನೆಯ ಶೆಡ್ಡಿನಲ್ಲಿ ಚೆಂಡು ನೇತುಹಾಕಿ ಅದಕ್ಕೆ ಜಿಗಿದು ಜಿಗಿದು ಕಲಿತವರು, ಜೊತೆಗೆ ಜಿಗಿಯುವಾಗ ಉಸಿರು ಎಳೆದುಕೊಂಡರೆ ಮೈ ಇನ್ನೂ ಮೇಲೆ ಏಳುತ್ತದೆ ಅಂತ ಒಂದು ನಂಬಿಕೆ ಬೇರೆ. ಅದು ವಿಜ್ಞಾನ ಅಂತ ನಾನಂತೂ ಒಪ್ಪಲ್ಲ. ಜಿಗಿತ ಮಾತ್ರ ಸುಳ್ಳಲ್ಲ, ತಮಗಿಂತ ಉದ್ದದವರ ತಲೆ ಮೇಲಿಂದ ಚೆಂಡು ಕಿತ್ತುಕೊಂಡು ಬರುತ್ತಿದ್ದರು.

ಸೌತ್ ಮೆಲ್ಬರ್ನ್‌ನಲ್ಲಿ ಮಾರ್ಕ್ ಟ್ಯಾಂಡಿ, ಫ್ರೆಡ್ ಫ್ಲೈಟರ್ ಮತ್ತು ಇವರದ್ದು ಒಂದು ಮೂವರ ಕೂಟ. ಚೆಂಡು ಮೇಲೆ ಹೋದ ಕೂಡಲೇ ಫ್ಲೈಟರ್ ಕೂಗುತ್ತಿದ್ದರು: 'ಅಪ್ ದೇರ್, ಕಜೇಲಿ!' ಏರಪ್ಪ ಮೇಲೆ, ಅಂತ. ಜನ ಅದನ್ನೇ ಹಿಡಿದುಕೊಂಡರು. ಎರಡನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಸೈನಿಕರೂ ಇದನ್ನೇ ಕೂಗಿಕೊಂಡು ನುಗ್ಗಿದರಂತೆ. ಮೊದಲು ಕೂಗಿದ ಫ್ಲೈಟರ್ ಹೆಸರು ಈಗ ಎಷ್ಟು ಜನಕ್ಕೆ ಗೊತ್ತು, ಪಾಪ.

ಇಷ್ಟೆಲ್ಲ ಹೆಸರು ಮಾಡಿದವರು ಆಟಗಾರನಾಗಿ ಆ ಲೀಗಿನ ಕಪ್ ಒಮ್ಮೆಯೂ ಗೆಲ್ಲಲಿಲ್ಲ. ಆಮೇಲೆ ಟ್ಯಾಸ್ಮೇನಿಯಾದಲ್ಲಿ ವರ್ಷಗಟ್ಟಲೆ ಆಡಿದರು, ಆಡಿಸಿದರು. ನಡುವೆ ಹಾಥಾರ್ನ್ ತಂಡಕ್ಕೆ ಕೋಚ್ ಆಗಿದ್ದಾಗ 'ಮೇಬ್ಲೂಮ್ಸ್' ಅನ್ನೋ ಹೂವಿನ ಅಡ್ಡಹೆಸರು ತೆಗೆಸಿ 'ಹಾಕ್ಸ್', ಅಂದ್ರೆ ಗಿಡುಗಗಳು, ಅಂತ ಮಾಡಿಸಿದ್ದೂ ಇವರೇ ಅಂತಾರೆ. 1963ರಲ್ಲಿ ಹೋಬಾರ್ಟ್‌ನಲ್ಲಿ ತೀರಿಕೊಂಡರು. 1996ರಲ್ಲಿ ಆ ಆಟದ ಹಾಲ್ ಆಫ್ ಫೇಮ್ ಶುರುವಾದಾಗ ಮೊದಲ 12 'ಲೆಜೆಂಡ್'ಗಳಲ್ಲಿ ಇವರ ಹೆಸರೂ ಇತ್ತು.

ನೀವು ಹೇಳುವ ಹಾಡು ಬಂದಿದ್ದು 1979ರಲ್ಲಿ, ಟಿವಿಯಲ್ಲಿ ಮ್ಯಾಚ್ ಪ್ರಚಾರಕ್ಕೆ ಅಂತ ಮೈಕ್ ಬ್ರೇಡಿ ಬರೆದದ್ದು. ಕಜೇಲಿ ಹೋಗಿ ಆಗಲೇ 16 ವರ್ಷ. ನಿಮ್ಮ ಪಕ್ಕದ ಅಜ್ಜ ಆ ಕೂಗನ್ನು ಹಾಡಿನಿಂದ ಕಲಿತರೋ ತಮ್ಮ ಅಪ್ಪನಿಂದಲೋ, ಅಲ್ಲೇ ಕೇಳಿಬಿಡಬೇಕಿತ್ತು ನೀವು.