ಸಾಲವೆಂದು ಎಣಿಸಿದ ದಿನಗಳು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ವ್ಯಕ್ತಿ ಅರವತ್ತು ದಾಟಿದ ಮೀನುಗಾರರು. ಕಾರವಾರದ ಕಡೆಯ ಕಡಲತೀರದ ಒಂದು ಕ್ಯಾಥೋಲಿಕ್ ಧರ್ಮಕೇಂದ್ರಕ್ಕೆ ಸೇರಿದವರು. ದುಡಿಮೆಯ ಬಹುಪಾಲು ವರ್ಷಗಳನ್ನು ತಾಂಡೇಲರಾಗಿ ಬೋಟು ನಡೆಸುತ್ತ ಕಳೆದವರು. ಗುರುತು ಸಿಗದಂತೆ ಊರು, ಕುಟುಂಬ ಮತ್ತು ಕಾಲದ ವಿವರಗಳನ್ನು ಬದಲಿಸಿದ್ದೇನೆ. ಅವರ ಮತ್ತು ಅವರ ಪತ್ನಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ತಾಂಡೇಲರೆಂದೇ ಕರೆಯುತ್ತೇನೆ.

ಮೀನುಗಾರಿಕೆಯ ಹಂಗಾಮಿನ ನಡುವೆ ಅವರಿಗೆ ಹೃದಯಾಘಾತವಾಯಿತು. ದೂರದ ಆಸ್ಪತ್ರೆಗೆ ಸಾಗಿಸಿ ಸ್ಟೆಂಟ್ ಹಾಕಿಸಿದರು. ಪ್ರಾಣ ಉಳಿಯಿತು, ಆದರೆ ಇನ್ನು ಮುಂದೆ ಬೋಟು ಹತ್ತಬಾರದೆಂದು ವೈದ್ಯರು ಖಂಡಿತವಾಗಿ ಹೇಳಿ ಕಳುಹಿಸಿದರು. ಮನೆಗೆ ಬಂದ ಮೇಲೆ ನೋಡಲು ಬಂದ ನೆಂಟರು, ನೆರೆಹೊರೆಯವರು, ಪ್ರಾರ್ಥನಾ ಕೂಟದವರು ಎಲ್ಲರೂ ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳಿದರು: ದೇವರು ನಿಮ್ಮನ್ನು ಸುಮ್ಮನೆ ಉಳಿಸಿಲ್ಲ, ಯಾವುದೋ ದೊಡ್ಡ ಕೆಲಸಕ್ಕಾಗಿ ಉಳಿಸಿದ್ದಾನೆ. ಪ್ರೀತಿಯಿಂದ ಆಡಿದ ಮಾತು ಅದು, ಆಡಿದವರಲ್ಲಿ ಯಾರದ್ದೂ ದುರುದ್ದೇಶವಿರಲಿಲ್ಲ. ಆದರೂ ಸಾವಿನ ಬಾಯಿಂದ ಈಗಷ್ಟೇ ಮರಳಿದ ಮನುಷ್ಯನಿಗೆ ಇದನ್ನು ಹೇಳಬಾರದೆಂದು ನನ್ನ ದೃಢವಾದ ಅಭಿಪ್ರಾಯ. ಆ ದೊಡ್ಡ ಕೆಲಸ ಯಾವುದೆಂದು ಹೇಳಿದವರಿಗೂ ತಿಳಿದಿರುವುದಿಲ್ಲ, ಕೇಳಿದವನು ಮಾತ್ರ ಅದನ್ನು ಹುಡುಕುತ್ತ ನಿದ್ದೆಗೆಡುತ್ತಾನೆ.

ತಾಂಡೇಲರು ಹುಡುಕತೊಡಗಿದರು. ಪ್ರತಿ ದಿನವೂ ದೇವರಿಂದ ಪಡೆದ ಸಾಲವೆಂದೂ, ರಾತ್ರಿಯೊಳಗೆ ಅದನ್ನು ತೀರಿಸಬೇಕೆಂದೂ ಅವರಿಗೆ ತೋರಿತು. ಬೋಟಿನ ಡೀಸೆಲ್, ಐಸ್, ಪಾಲುಗಳ ಲೆಕ್ಕ ಬರೆದಿಡುವ ಅಭ್ಯಾಸವಿದ್ದ ಅವರು ಅಂಥದೇ ಒಂದು ಉದ್ದನೆಯ ಪುಸ್ತಕ ತಂದು ಎಡಗಡೆ ದೇವರು ಕೊಟ್ಟದ್ದು, ಬಲಗಡೆ ತಾನು ಮರಳಿಸಿದ್ದು ಎಂದು ಬರೆಯತೊಡಗಿದರು. ಮುಂಜಾನೆ ಚರ್ಚಿನಲ್ಲಿ ನಡೆಯುವ ಬಲಿಪೂಜೆ, ದಿನಕ್ಕೆ ಮೂರು ಬಾರಿ ಜಪಸರ, ರೋಗಿಗಳ ಮನೆಗೆ ಭೇಟಿ, ಚರ್ಚಿನ ಅಂಗಳದ ಕೆಲಸ, ಶುಕ್ರವಾರದ ಪೂರ್ಣ ಉಪವಾಸ. ಊಟದ ನಂತರ ಮಲಗಿದ ಅರ್ಧ ಗಂಟೆಯೂ ಬಾಕಿಯ ಕಡೆಗೆ ಸೇರುತ್ತಿತ್ತು. ಯಾವ ರಾತ್ರಿಯೂ ಲೆಕ್ಕ ಸರಿಹೋಗಲಿಲ್ಲ. ಬಾಕಿ ತೀರಿಸಲು ಅವರು ನಸುಕಿನ ಮೂರು ಗಂಟೆಗೇ ಏಳತೊಡಗಿದರು, ಕಾರವಾರದಿಂದ ಕುಮಟಾ ಸಮೀಪದ ಚಂದಾವರದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಚರ್ಚಿಗೆ ಡಿಸೆಂಬರ್ 3ರ ಹಬ್ಬದೊಳಗೆ ಬರಿಗಾಲಿನಲ್ಲಿ ನಡೆದು ಹೋಗುವುದಾಗಿ ಹರಕೆಯನ್ನೂ ಹೊತ್ತರು. ಅದು ಎಪ್ಪತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ.

ಮೊದಲು ನನ್ನ ಬಳಿ ಬಂದವರು ಅವರ ಪತ್ನಿ. "ದೇವರು ಇವರನ್ನು ನನಗೆ ಉಳಿಸಿಕೊಟ್ಟ ಅಂದುಕೊಂಡಿದ್ದೆ ಮೇಡಂ. ಈಗ ಇವರು ಮನೆಯಲ್ಲಿದ್ದೂ ನನ್ನ ಪಾಲಿಗೆ ಇಲ್ಲ" ಎಂದರು. ಮುಂದಿನ ವಾರ ಗಂಡನನ್ನು ಒಪ್ಪಿಸಿ ಕರೆತಂದರು.

ಆಪ್ತಸಲಹೆಯಲ್ಲಿ ನಂಬಿಕೆಯ ಮಾತಿಗಿಂತ ಮೊದಲು ದೇಹದ ಮಾತು ಬರಬೇಕು. ಹೃದಯಾಘಾತದ ನಂತರ ಖಿನ್ನತೆ ಕಾಣಿಸಿಕೊಳ್ಳುವುದು ಅಪರೂಪವಲ್ಲ, ಅದಕ್ಕೆ ಚಿಕಿತ್ಸೆ ಕೊಡದಿದ್ದರೆ ಹೃದಯದ ಚೇತರಿಕೆಗೂ ತೊಡಕಾಗುತ್ತದೆ. ಎರಡು ವಾರಗಳಿಗೂ ಮೀರಿ ನಿದ್ದೆ ಕೆಟ್ಟಿರುವುದು, ಊಟ ಸೇರದಿರುವುದು, ಯಾವುದರಲ್ಲಿಯೂ ಸಂತೋಷ ಕಾಣದಿರುವುದು, ತಾನು ತಪ್ಪಿತಸ್ಥನೆಂಬ ಭಾವ ಬಿಡದೆ ಕಾಡುವುದು, ಇವೆಲ್ಲವೂ ತಾಂಡೇಲರಲ್ಲಿದ್ದವು. ಬದುಕುವುದು ಬೇಡವೆನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಪ್ರಾಣ ಕಳೆದುಕೊಳ್ಳುವ ಯೋಚನೆ ಇಲ್ಲವೆಂದರು, ಆದರೆ ಅಂದು ಉಳಿಯದೇ ಹೋಗಿದ್ದರೆ ಈ ಸಾಲ ಇರುತ್ತಿರಲಿಲ್ಲವಲ್ಲ ಎಂದು ಸೇರಿಸಿದರು. ಅದೇ ವಾರ ಅವರನ್ನು ಮನೋವೈದ್ಯರ ಬಳಿ ಕಳುಹಿಸಿದೆ. ಹೃದಯದ ಮಾತ್ರೆಗಳ ಪಟ್ಟಿಯನ್ನು ನೋಡಿಯೇ ಅವರು ಔಷಧ ಆರಂಭಿಸಿದರು. ರಾತ್ರಿ ಹೊತ್ತಿನಲ್ಲಿ ಮನಸ್ಸು ಹದ ತಪ್ಪಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ಪತ್ನಿಗೆ ತಿಳಿಸಿದೆ.

ಮಾತ್ರೆಗಳ ವಿಷಯದಲ್ಲಿಯೇ ಮೊದಲ ಜಗ್ಗಾಟ ನಡೆಯಿತು. ಉಪವಾಸದ ಶುಕ್ರವಾರಗಳಲ್ಲಿ ಅವರು ಯಾವ ಮಾತ್ರೆಯನ್ನೂ ನುಂಗುತ್ತಿರಲಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ತಪ್ಪಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೊಮ್ಮೆ ಆಘಾತವಾಗಬಹುದು. ಇದನ್ನು ವೈದ್ಯರೂ ಹೇಳಿದ್ದರು, ತಾಂಡೇಲರು ಕಿವಿಗೊಟ್ಟಿರಲಿಲ್ಲ. ದೇವರ ವಿಷಯದಲ್ಲಿ ವೈದ್ಯರ ಮಾತು ನಡೆಯದೆಂಬುದು ಅವರ ವಾದವಾಗಿತ್ತು. ಹಾಗಾದರೆ ಧರ್ಮಸಭೆಯ ಮಾತು ನಡೆಯುತ್ತದೆಯೇ ಎಂದು ಕೇಳಿದೆ. ಕ್ಯಾಥೋಲಿಕ್ ಧರ್ಮಸಭೆಯ ಕಾನೂನಿನ ಪ್ರಕಾರ ಉಪವಾಸ ಕಡ್ಡಾಯವಾಗಿರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎಂಬ ಎರಡು ದಿನಗಳಲ್ಲಿ ಮಾತ್ರ. ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ರೋಗಿಗಳಿಗೆ ಯಾವ ವಯಸ್ಸಿನಲ್ಲಿಯೂ ವಿನಾಯಿತಿಯುಂಟು. ಅರವತ್ತು ದಾಟಿದ ಹೃದ್ರೋಗಿಯಾದ ಅವರಿಗೆ ಆ ಕಟ್ಟಳೆ ಎರಡು ಕಾರಣಗಳಿಂದ ಅನ್ವಯಿಸುವುದಿಲ್ಲ. ನನ್ನ ಮಾತನ್ನು ನಂಬುವ ಬದಲು ತಮ್ಮ ಧರ್ಮಗುರುಗಳನ್ನೇ ಕೇಳಬೇಕೆಂದು ಹೇಳಿದೆ, ಅವರ ಅನುಮತಿ ಪಡೆದು ಧರ್ಮಗುರುಗಳೊಂದಿಗೆ ನಾನೂ ಮಾತನಾಡಿದೆ.

ಹರಕೆಯ ಗಂಟು ಬಿಡಿಸಿದವರು ಆ ಫಾದರ್. ವೈಯಕ್ತಿಕವಾಗಿ ಹೊತ್ತ ಹರಕೆಯಿಂದ ನ್ಯಾಯವಾದ ಕಾರಣವಿದ್ದಾಗ ಬಿಡುಗಡೆ ಕೊಡುವ, ಅದನ್ನು ಹಗುರವಾದ ಮತ್ತೊಂದು ಸತ್ಕಾರ್ಯಕ್ಕೆ ಬದಲಿಸುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗಿದೆ. ಬರಿಗಾಲಿನ ನಡಿಗೆಯನ್ನು ಅವರು ಹಬ್ಬದ ದಿನ ಪತ್ನಿಯೊಂದಿಗೆ ಬಸ್ಸಿನಲ್ಲಿ ಹೋಗಿ ಬರುವುದಕ್ಕೆ ಬದಲಿಸಿದರು. ಜೊತೆಗೆ ಇನ್ನು ಮುಂದೆ ಒಬ್ಬರೇ ಗುರುಗಳ ಬಳಿ, ನಿಗದಿಯಾದ ದಿನದಲ್ಲಿ ಮಾತ್ರ ಪಾಪನಿವೇದನೆ ಮಾಡಬೇಕೆಂದೂ, ಕ್ಷಮೆ ಪಡೆದ ಪಾಪವನ್ನು ಮತ್ತೆ ಹೇಳಬಾರದೆಂದೂ ವಿಧಿಸಿದರು. ತಪ್ಪಿನ ಶಂಕೆ ರೋಗವಾಗಿ ಅಂಟಿಕೊಂಡವರಿಗೆ ಬಹುಕಾಲದಿಂದ ಕೊಡುತ್ತ ಬಂದಿರುವ ಸಲಹೆಯಿದು, ಇಂದಿನ ಮನಶ್ಶಾಸ್ತ್ರಕ್ಕೂ ಇದು ಒಪ್ಪುತ್ತದೆ.

ಲೆಕ್ಕದ ಪುಸ್ತಕವನ್ನು ಅವರು ನನಗೆ ತೋರಿಸಿದಾಗ ಮೊದಲ ಪುಟದಲ್ಲಿ ತೊಂಬತ್ತನೆಯ ಕೀರ್ತನೆಯ ಹನ್ನೆರಡನೆಯ ವಚನವಿತ್ತು. ನಮ್ಮ ದಿನಗಳನ್ನು ಎಣಿಸಲು ಕಲಿಸು, ಆಗ ವಿವೇಕದ ಹೃದಯವನ್ನು ಪಡೆಯುತ್ತೇವೆ ಎಂಬರ್ಥದ ಪ್ರಾರ್ಥನೆ ಅದು. ತನ್ನ ಲೆಕ್ಕಕ್ಕೆ ಇದೇ ಆಧಾರವೆಂದರು. ಬೈಬಲ್ ತೆರೆದು ಇನ್ನೆರಡು ವಚನಗಳನ್ನು ಮುಂದಕ್ಕೆ ಓದಿರೆಂದೆ. ಹದಿನಾಲ್ಕನೆಯ ವಚನದಲ್ಲಿ ಅದೇ ಭಕ್ತ, ಮುಂಜಾನೆಯಲ್ಲಿಯೇ ನಿನ್ನ ಪ್ರೀತಿಯಿಂದ ನಮ್ಮನ್ನು ತೃಪ್ತಿಪಡಿಸು, ಜೀವಮಾನವೆಲ್ಲ ಹರ್ಷಿಸುವೆವು ಎಂದು ಬೇಡುತ್ತಾನೆ. ದಿನಗಳನ್ನು ಎಣಿಸಲು ಕಲಿಯಬೇಕೆಂದವನು ದಿನ ಬೆಳಗಾಗುತ್ತಲೇ ಕೇಳಿಕೊಳ್ಳುವುದು ತೃಪ್ತಿಯನ್ನು. ದುಡಿದು ತೀರಿಸುವ ಶಕ್ತಿಯನ್ನಲ್ಲ. ಅವರು ಆ ವಚನವನ್ನು ಎರಡು ಸಲ ಓದಿದರು, ಏನೂ ಹೇಳಲಿಲ್ಲ.

ಗ್ರಂಥದ ಮಾತನ್ನು ನಾನಾಗಿ ಯಾರ ಮುಂದೆಯೂ ತೆರೆದಿಡುವುದಿಲ್ಲ. ತಾಂಡೇಲರು ತಮ್ಮ ಸಂಕಟವನ್ನು ಆ ಭಾಷೆಯಲ್ಲಿಯೇ ಹೊತ್ತು ತಂದಿದ್ದರಿಂದ ಅದರ ಬಿಡುಗಡೆಯನ್ನೂ ಅಲ್ಲಿಯೇ ಹುಡುಕಬೇಕಾಯಿತು. ಮುಂದಿನ ಭೇಟಿಗೆ ಮತ್ತಾಯನ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯವನ್ನು ಓದಿಕೊಂಡು ಬರಲು ಹೇಳಿದೆ. ದ್ರಾಕ್ಷಿತೋಟದ ಯಜಮಾನನೊಬ್ಬ ಬೆಳಿಗ್ಗೆ, ಒಂಬತ್ತಕ್ಕೆ, ಮಧ್ಯಾಹ್ನ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೆ ಕೂಲಿಯಾಳುಗಳನ್ನು ಕರೆದು, ದಿನದ ಕೊನೆಯಲ್ಲಿ ಎಲ್ಲರಿಗೂ ಒಂದೇ ಕೂಲಿ ಕೊಟ್ಟ ಸಾಮತಿ, ಎಂದರೆ ಯೇಸು ಹೇಳಿದ ದೃಷ್ಟಾಂತ ಕಥೆ, ಅದು. ಅವರು ಸಿಟ್ಟಿನಿಂದಲೇ ಬಂದರು. "ನಾನು ಹೀಗೆ ಪಾಲು ಹಂಚಿದ್ದರೆ ಮರುದಿನ ಒಬ್ಬ ಕಲಾಸಿಯೂ ಬೋಟಿಗೆ ಬರುತ್ತಿರಲಿಲ್ಲ ಮೇಡಂ" ಎಂದರು. ಅವರ ಮಾತು ನ್ಯಾಯವಾದದ್ದೇ. ಖರ್ಚು ಕಳೆದು, ದುಡಿಮೆ ನೋಡಿ, ಪಾಲು ಹಂಚದಿದ್ದರೆ ಯಾವ ಬೋಟೂ ನಡೆಯದು. ಹಾಗೆಯೇ ಒಪ್ಪಿಕೊಂಡು, ಈ ಕಥೆಯಲ್ಲಿ ನೀವು ಯಾರ ಸಾಲಿನಲ್ಲಿ ನಿಂತಿದ್ದೀರಿ ಎಂದು ಕೇಳಿದೆ. ಬೆಳಗಿನಿಂದ ಬಿಸಿಲಲ್ಲಿ ದುಡಿದವರ ಸಾಲಿನಲ್ಲಿ ಎಂದರು. ಅದು ಸಹಜವೇ, ಜೀವಮಾನವಿಡೀ ಅವರು ಹಾಗೆಯೇ ದುಡಿದವರು.

ಸಂಜೆ ಐದರ ಆಳುಗಳು ಏಕೆ ಸುಮ್ಮನೆ ನಿಂತಿದ್ದರೆಂದು ಗ್ರಂಥದಲ್ಲಿ ನೋಡಿ ಎಂದೆ. ಯಜಮಾನ ಕೇಳಿದಾಗ ಅವರು ಕೊಡುವ ಉತ್ತರ, ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ ಎಂಬುದು. ಅದನ್ನು ಓದಿದ ಮೇಲೆ ತಾಂಡೇಲರು ಬಹಳ ಹೊತ್ತು ತಲೆಯೆತ್ತಲಿಲ್ಲ. ನಂತರ, ಬಂದರಿನಲ್ಲಿ ತಾವು ದಿನವೂ ಹೋಗಿ ನಿಲ್ಲುವುದಾಗಿಯೂ, ತಾವು ಬೆಳೆಸಿದ ಹುಡುಗರು ನಮಸ್ಕಾರ ಹೇಳಿ ಬೋಟು ಹತ್ತಿ ಹೋಗುವುದಾಗಿಯೂ, ತಮ್ಮನ್ನು ಯಾರೂ ಕರೆಯುವುದಿಲ್ಲವೆಂದೂ ಹೇಳುತ್ತ ಅತ್ತರು. ಹೃದಯಾಘಾತವಾದ ಮೇಲೆ ಅವರು ಅತ್ತದ್ದು ಅದೇ ಮೊದಲೆಂದು ಪತ್ನಿ ನಂತರ ತಿಳಿಸಿದರು. ಸಾಲದ ಲೆಕ್ಕದ ಕೆಳಗೆ ಅಡಗಿದ್ದದ್ದು ಈ ದುಃಖ. ದೇವರಿಗೆ ಮರಳಿಸಬೇಕೆಂಬ ಆತುರದಲ್ಲಿ ಕಡಲನ್ನು ಕಳೆದುಕೊಂಡ ನೋವಿಗೆ ಒಂದು ಗಳಿಗೆಯೂ ಸಿಕ್ಕಿರಲಿಲ್ಲ. ಯಜಮಾನನೇ ಸಂಜೆ ಮತ್ತೊಮ್ಮೆ ಹೊರಟು ಅವರನ್ನು ಹುಡುಕಿಕೊಂಡು ಬಂದನೆಂಬುದನ್ನೂ, ಉಳಿದ ಒಂದು ಗಂಟೆಯಲ್ಲಿ ಇಡೀ ದಿನದ ಕೆಲಸ ಮುಗಿಸಿರೆಂದು ಅವನು ಹೇಳಲಿಲ್ಲವೆಂಬುದನ್ನೂ ನಾವು ನಂತರದ ಭೇಟಿಗಳಲ್ಲಿ ನಿಧಾನವಾಗಿ ಮಾತನಾಡಿದೆವು.

ಪುಸ್ತಕವನ್ನು ಒಮ್ಮೆಲೇ ಬಿಡಿಸಲು ಪ್ರಯತ್ನಿಸಲಿಲ್ಲ. ಲೊಯೋಲದ ಸಂತ ಇಗ್ನಾಸಿಯವರ ಬದುಕಿನ ಒಂದು ಸಂಗತಿಯನ್ನು ಅವರಿಗೆ ತಿಳಿಸಿದೆ. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದು ಹಾಸಿಗೆ ಹಿಡಿದ ಆ ಸೈನಿಕ ಮನಸ್ಸು ತಿರುಗಿ, ಮುಂದೆ ಮನ್ರೇಸ ಎಂಬ ಊರಿನಲ್ಲಿ ತಂಗಿದ್ದಾಗ, ಹೇಳಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ನೆನೆದು ಕಂಗೆಟ್ಟು, ಸಮಾಧಾನ ಸಿಗುವವರೆಗೆ ಉಣ್ಣುವುದಿಲ್ಲವೆಂದು ಒಂದು ವಾರ ಉಪವಾಸ ಕುಳಿತರು. ಉಪವಾಸವನ್ನು ಮುರಿಯಲು ಅವರ ಪಾಪನಿವೇದನೆ ಕೇಳುತ್ತಿದ್ದ ಗುರುಗಳೇ ಆಜ್ಞಾಪಿಸಿದರು, ಅವರು ಪಾಲಿಸಿದರು. ಅದೇ ಇಗ್ನಾಸಿಯವರು ಮುಂದೆ ಕಲಿಸಿದ ದಿನದ ಆತ್ಮಶೋಧನೆಯಲ್ಲಿ ಮೊದಲ ಹೆಜ್ಜೆ, ಪಡೆದ ಉಪಕಾರಗಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವುದು. ತಪ್ಪುಗಳ ಪರಿಶೀಲನೆ ಅದರ ನಂತರ, ಬೆಳಕು ಬೇಡಿಕೊಂಡ ಮೇಲೆ ಬರುತ್ತದೆ. ಕೊನೆಗೆ ಕ್ಷಮೆಯ ಬೇಡಿಕೆ ಮತ್ತು ತಿದ್ದಿಕೊಳ್ಳುವ ಸಂಕಲ್ಪ. ತಾಂಡೇಲರು ಈ ಕ್ರಮವನ್ನು ತಲೆಕೆಳಗಾಗಿಸಿ, ತಪ್ಪಿನಿಂದಲೇ ಆರಂಭಿಸಿ ತಪ್ಪಿನಲ್ಲಿಯೇ ಮುಗಿಸುತ್ತಿದ್ದರು.

ಆದ್ದರಿಂದ ನಾನು ಕೊಟ್ಟ ಸಲಹೆ ಹೀಗಿತ್ತು. ರಾತ್ರಿ ಊಟದ ನಂತರ ಹತ್ತು ನಿಮಿಷ ಮಾತ್ರ, ಪತ್ನಿಯ ಜೊತೆಯಲ್ಲಿ ಕುಳಿತು ಆ ದಿನ ಕೈಗೆ ಬಂದ ಮೂರು ಒಳ್ಳೆಯ ಸಂಗತಿಗಳನ್ನು ಪುಸ್ತಕದ ಎಡಗಡೆ ಬರೆಯಬೇಕು. ಬಲಗಡೆಯ ಅಂಕಣ ಖಾಲಿ ಇರಬೇಕು. ತಪ್ಪೊಂದು ನೆನಪಾದರೆ ಅದನ್ನು ಬಾಯಲ್ಲಿ ಹೇಳಿ, ಕ್ಷಮೆ ಕೇಳಿ, ಪುಸ್ತಕ ಮುಚ್ಚಬೇಕು. ಹಗಲಿಗೆ ಚರ್ಚಿನ ಮೂರು ಹೊತ್ತಿನ ಗಂಟೆಯನ್ನೇ ಆಧಾರವಾಗಿಟ್ಟುಕೊಂಡೆವು. ಬೆಳಗಿನ ಗಂಟೆಗೆ ಮುಂಚೆ ಏಳಬಾರದು. ಮಧ್ಯಾಹ್ನದ ಗಂಟೆಯವರೆಗೆ ಒಂದೇ ಒಂದು ಕೆಲಸ, ಅದರ ನಂತರ ಊಟ ಮತ್ತು ವಿಶ್ರಾಂತಿ. ಸಂಜೆಯ ಗಂಟೆಗೆ ಮೊದಲು ಹೃದಯದ ವೈದ್ಯರು ಹೇಳಿದಷ್ಟು ದೂರ ಮರಳಿನ ಮೇಲೆ ನಡಿಗೆ, ರಾತ್ರಿ ಮನೆಯವರೊಂದಿಗೆ ಒಂದು ಜಪಸರ. ದಿನಕ್ಕೆ ಒಬ್ಬ ರೋಗಿಯ ಮನೆ, ಅದೂ ವಾರದಲ್ಲಿ ಎರಡು ದಿನ ಮಾತ್ರ. ದಿನವನ್ನು ಸಾರ್ಥಕವಾಗಿ ಕಳೆಯಬೇಕೆಂದು ಬಯಸುವ ವಿಶ್ವಾಸಿಗೆ ವಿಶ್ರಾಂತಿಯೂ ಆಜ್ಞೆಯೇ ಎಂಬುದನ್ನು ಮತ್ತೆ ಮತ್ತೆ ನೆನಪಿಸಬೇಕಾಗುತ್ತದೆ. ಹತ್ತು ಕಟ್ಟಳೆಗಳಲ್ಲಿ ಅದಕ್ಕೂ ಸ್ಥಾನವಿದೆ.

ಆ ಒಂದು ಕೆಲಸ ಯಾವುದೆಂಬುದು ಮಳೆಗಾಲದಲ್ಲಿ ತಾನಾಗಿ ಸಿಕ್ಕಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ನಿಷೇಧವಿದ್ದು ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ, ಬಲೆಗಳ ದುರಸ್ತಿ ನಡೆಯುವುದು ಆಗಲೇ. ಶೆಡ್ಡಿನಲ್ಲಿ ಕುಳಿತು ಬಲೆ ಹೆಣೆಯುವವರ ನಡುವೆ ತಾಂಡೇಲರು ಹೋಗಿ ಕುಳಿತರು. ಬಲೆಯ ಹರಿದ ಕಣ್ಣನ್ನು ಕಟ್ಟುವ ಕೈಚಳಕ ಹೊಸ ಹುಡುಗರಲ್ಲಿ ಕಡಿಮೆಯಾಗಿತ್ತು, ಅವರೇ ಇವರನ್ನು ಕರೆದು ಕೇಳತೊಡಗಿದರು. ದೊಡ್ಡ ಕೆಲಸವೇನೂ ಅಲ್ಲವೆಂದು ಅವರು ನನಗೆ ಹೇಳಿದರು. ದೊಡ್ಡದಾಗಿರಬೇಕೆಂದು ಯಾರೂ ಕೇಳಿಲ್ಲವೆಂದೆ.

ಪತ್ನಿಗೆ ಪ್ರತ್ಯೇಕವಾಗಿ ಸಮಯ ಕೊಟ್ಟೆ. ಗಂಡ ರಾತ್ರಿ ಉಸಿರಾಡುತ್ತಿದ್ದಾರೆಯೇ ಎಂದು ನೋಡುತ್ತ ಅವರು ತಿಂಗಳುಗಟ್ಟಲೆ ಸರಿಯಾಗಿ ಮಲಗಿರಲಿಲ್ಲ. ವಾರಕ್ಕೆ ಒಂದು ಮಧ್ಯಾಹ್ನ ತಂಗಿಯ ಮನೆಗೆ ಹೋಗಿ ಬರಲು, ಮಾತ್ರೆಯ ಹೊಣೆಯನ್ನು ಮಗನಿಗೂ ಹಂಚಲು ಒಪ್ಪಿಸಿದೆ.

ಬೋಟಿನ ಸಾಲ ಮಾತ್ರ ನಿಜವಾದ ಸಾಲವಾಗಿತ್ತು. ಅದರ ಚಿಂತೆಯನ್ನು ಪ್ರಾರ್ಥನೆಯಿಂದ ಮುಚ್ಚಿಡಬಾರದೆಂದು ಹೇಳಿ, ಮಗನೊಂದಿಗೆ ಬ್ಯಾಂಕಿಗೆ ಹೋಗಿ ಕಂತುಗಳನ್ನು ಮರುಹೊಂದಿಸಿಕೊಳ್ಳಲು ದಿನ ಗೊತ್ತುಮಾಡಿದೆವು. ನಾಳೆಯ ಚಿಂತೆ ನಾಳೆಗಿರಲಿ ಎಂದು ಯೇಸುಸ್ವಾಮಿ ಹೇಳಿದ್ದಾರಲ್ಲ ಎಂದು ತಾಂಡೇಲರು ಕೇಳಿದರು. ಮರುಭೂಮಿಯಲ್ಲಿ ಇಸ್ರಯೇಲರು ದೇವರು ಕೊಟ್ಟ ಆಹಾರವಾದ ಮನ್ನವನ್ನು ಅಂದಂದಿಗೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕಿತ್ತು, ಮರುದಿನಕ್ಕೆ ಉಳಿಸಿದ್ದು ಹುಳ ಬಿದ್ದು ನಾರಿತು. ಆದರೆ ಅಂದಿನದನ್ನು ಕೂಡಿಸಲು ಬೆಳಿಗ್ಗೆ ಗುಡಾರದಿಂದ ಹೊರಗೆ ಹೋಗಲೇಬೇಕಿತ್ತು. ಬ್ಯಾಂಕಿಗೆ ಹೋಗುವುದು ಅಂದಿನ ಕೆಲಸ, ಬೋಟಿನ ಗತಿ ಐದು ವರ್ಷಗಳ ನಂತರ ಏನಾದೀತೆಂಬುದು ಅಂದಿನದಲ್ಲ. ಈ ಉತ್ತರ ಅವರಿಗೆ ಹಿಡಿಸಿತು.

ಈಗ ಅವರ ನಿದ್ದೆ ಸುಧಾರಿಸಿದೆ, ಮಾತ್ರೆ ತಪ್ಪುತ್ತಿಲ್ಲ, ಚಂದಾವರಕ್ಕೆ ಬಸ್ಸಿನಲ್ಲಿ ಹೋಗಿ ಬಂದಿದ್ದಾರೆ. ಪುಸ್ತಕದ ಬಲಗಡೆಯಲ್ಲಿ ಕೆಲವು ರಾತ್ರಿ ಏನಾದರೊಂದು ಬರಹ ಕಾಣಿಸಿಕೊಳ್ಳುತ್ತದೆ. ಅದನ್ನು ಅಡಗಿಸದೆ ತಂದು ತೋರಿಸುತ್ತಾರೆ. ಮನೋವೈದ್ಯರು ಔಷಧವನ್ನು ಇನ್ನೂ ಕೆಲವು ತಿಂಗಳು ಮುಂದುವರಿಸಲು ಹೇಳಿದ್ದಾರೆ, ಮನಸ್ಸು ಹಗುರವಾಯಿತೆಂದು ತಾವಾಗಿ ನಿಲ್ಲಿಸಬಾರದೆಂದು ನಾನೂ ಒತ್ತಿ ಹೇಳಿದ್ದೇನೆ. ಮುಂದಿನ ಭೇಟಿ ಆಗಸ್ಟ್ ಮೊದಲ ವಾರದಲ್ಲಿ. ನಿಷೇಧ ಮುಗಿದು ಎಲ್ಲ ಬೋಟುಗಳೂ ಒಟ್ಟಿಗೆ ಹೊರಡುವ ದಿನಗಳು ತನಗೆ ಕಷ್ಟವಾಗುತ್ತವೆಂದು ತಾಂಡೇಲರೇ ಹೇಳಿ, ಆ ವಾರವನ್ನು ಕೇಳಿ ಗೊತ್ತುಮಾಡಿಕೊಂಡಿದ್ದಾರೆ.