ಐವರನ್ನು ಸೇರಿಸಿದರೆ ವರಮಾನವೇ?

ಪ್ರಶ್ನೆ: ನಾನು ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ. 18,000 ರೂಪಾಯಿ ಕೊಟ್ಟು ಆರೋಗ್ಯಪುಡಿಗಳ ಕಿಟ್ ಕೊಂಡು, ಐವರನ್ನು ಸೇರಿಸಿದರೆ ತಿಂಗಳ ವರಮಾನ ಖಚಿತವೆಂದು ನೆಂಟರೊಬ್ಬರು ಒತ್ತಾಯಿಸುತ್ತಿದ್ದಾರೆ. ಸೇರಬಹುದೇ?

ಉತ್ತರ: ಮೊದಲು ಲೆಕ್ಕ ಹಾಕಿ. ನೀವು ಐವರನ್ನು, ಆ ಐವರಲ್ಲಿ ಪ್ರತಿಯೊಬ್ಬರೂ ಮತ್ತೆ ಐವರನ್ನು ಸೇರಿಸುತ್ತ ಹೋದರೆ ಒಂಬತ್ತನೆಯ ಹಂತದಲ್ಲೇ 19,53,125 ಜನ ಬೇಕಾಗುತ್ತಾರೆ. 2011ರ ಜನಗಣತಿಯಂತೆ ಇಡೀ ರಾಯಚೂರು ಜಿಲ್ಲೆಯಲ್ಲಿ, ತೊಟ್ಟಿಲ ಕೂಸುಗಳನ್ನೂ ಸೇರಿಸಿ, ಇದ್ದವರು ಸುಮಾರು 19.29 ಲಕ್ಷ. ಕೊನೆಗೆ ಸೇರಿದವರ ಹಣವೇ ಮೇಲಿನವರ ವರಮಾನವಾಗುವ ಇಂಥ ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ನೇರ ಮಾರಾಟಕ್ಕೆ, ಅಂದರೆ ಅಂಗಡಿಯಿಲ್ಲದೆ ಜನರ ಮೂಲಕವೇ ಸರಕು ಮಾರುವುದಕ್ಕೆ, ಸಂಬಂಧಿಸಿದ 2021ರ ನಿಯಮಗಳೂ ಹೀಗೆ ಹಂತಹಂತವಾಗಿ ಜನರನ್ನು ಸೇರಿಸಿ ಹಣ ಮಾಡುವ ಪಿರಮಿಡ್ ಯೋಜನೆಯನ್ನು ನಿಷೇಧಿಸುತ್ತವೆ.

ಆದ್ದರಿಂದ ನೆಂಟರನ್ನು ಒಂದೇ ಮಾತು ಕೇಳಿ: ಯಾರನ್ನೂ ಸೇರಿಸದೆ, ಪುಡಿ ಮಾರಿಯೇ ಕಳೆದ ವರ್ಷ ಕೈಗೆ ಉಳಿದದ್ದೆಷ್ಟು? ಬ್ಯಾಂಕ್ ಪಾಸ್‌ಬುಕ್ ತೋರಿಸಲಿ. ಸಭೆಯ ಫೋಟೊ, ಬಾಡಿಗೆ ಕಾರು ಸಾಕ್ಷ್ಯವಲ್ಲ. ಅದೇ ಬಗೆಯ ಪುಡಿ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆಂದೂ ವಿಚಾರಿಸಿ. ಮಾರಾಟವಾಗದ ಸರಕನ್ನು ಹಿಂಪಡೆಯುವ ಷರತ್ತು ಲಿಖಿತ ಒಪ್ಪಂದದಲ್ಲಿ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ನೆಂಟಸ್ತಿಕೆಯ ಮುಲಾಜು ಕಷ್ಟವೆಂಬುದು ನನಗೂ ಗೊತ್ತು, ಆದರೆ ನಾಳೆ ನೀವೇ ಆ ಮುಲಾಜನ್ನು ಗಿರಣಿಯ ಹಮಾಲರ ಮೇಲೆ ಹೇರಬೇಕಾಗುತ್ತದೆ. ಈಗಾಗಲೇ ಹಣ ಕೊಟ್ಟಿದ್ದರೆ ರಸೀದಿ ಜೋಪಾನವಾಗಿಟ್ಟು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.