ಐದು ದಿನಕ್ಕೊಮ್ಮೆ ಕಕ್ಕಸು, ದಿನಕ್ಕೆ ಎರಡು ಪೊಟ್ಟಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬದಿಯಡ್ಕದ ಕಡೆಯಿಂದ ಬಂದಿದ್ದ ಆ ತಾಯಿ ಚೀಲ ಬಿಚ್ಚಿ, ಖಾಲಿ ಪೊಟ್ಟಣಗಳನ್ನು ನನ್ನ ಮೇಜಿನ ಮೇಲೆ ಸುರಿದರು. ಪ್ರೋಬಯಾಟಿಕ್ ಪುಡಿಯವು, ಅಂದರೆ ಹೊಟ್ಟೆಗೆ ಒಳ್ಳೆಯದೆಂದು ಕೊಡುವ ಜೀವಂತ ಬ್ಯಾಕ್ಟೀರಿಯಾದ ಪುಡಿ. "ಎರಡು ತಿಂಗಳಾಯ್ತು ಮೇಡಂ, ದಿನಕ್ಕೆ ಎರಡು ಕೊಡ್ತಾ ಇದ್ದೇನೆ. ಇನ್ನೂ ಒಂದು ಮಾತು ಬರ್ಲಿಲ್ಲ."

ಹುಡುಗನಿಗೆ ನಾಲ್ಕು ವರ್ಷ. ಆಟಿಸಂ (ಮಾತು, ಒಡನಾಟ, ವರ್ತನೆ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಇದೆ ಎಂದು ಕಳೆದ ವರ್ಷ ಗೊತ್ತಾಗಿತ್ತು. ತಂದೆ ಇರುವುದು ದುಬೈಯಲ್ಲಿ. ಅಲ್ಲಿ ರೂಮಿನವರೊಬ್ಬರು ಒಂದು ವಿಡಿಯೋ ತೋರಿಸಿದರಂತೆ, ಹೊಟ್ಟೆ ಸರಿಯಾದರೆ ಆಟಿಸಂ ತಾನಾಗಿ ಹೋಗುತ್ತದೆ ಎಂದು. ಅವತ್ತೇ ಮನೆಯಲ್ಲಿ ಹಾಲು, ಮೊಸರು, ಗೋಧಿ ಬಂದ್. ಪುಡಿ ಶುರು. ಅದರ ಖರ್ಚು ಹೊಂದಿಸಲು ವಾರಕ್ಕೆ ಎರಡು ಸಲ ಇದ್ದ ಸ್ಪೀಚ್ ಥೆರಪಿ ಒಂದಕ್ಕೆ ಇಳಿಯಿತು. ಇದನ್ನು ಕೇಳಿ ನನಗೆ ಸಿಟ್ಟು ಬಂದದ್ದು ನಿಜ, ಆ ವಿಡಿಯೋ ಮಾಡಿದವನ ಮೇಲೆ.

ನಾವು ಮಾತಾಡುತ್ತಿದ್ದಾಗ ಹುಡುಗ ಮೇಜಿನ ಮೂಲೆಗೆ ಹೊಟ್ಟೆ ಒತ್ತಿ ನಿಂತ. ಆಮೇಲೆ ಬಾಗಿಲ ಹಿಂದೆ ಹೋದ. ತುದಿಗಾಲಲ್ಲಿ ನಿಂತು, ಎರಡೂ ಕಾಲು ಬಿಗಿಹಿಡಿದ. ಮುಖ ಕೆಂಪಾಯಿತು. "ಯಾವಾಗ್ಲೂ ಹೀಗೇ. ಆಟಿಸಂನವರು ಹೀಗೆ ಮಾಡ್ತಾರಂತಲ್ಲ" ಎಂದರು ತಾಯಿ.

ಕಕ್ಕಸು ಯಾವಾಗ ಹೋಗಿದ್ದಾನೆ ಎಂದು ಕೇಳಿದೆ. ತಾಯಿ ಅತ್ತೆಯ ಮುಖ ನೋಡಿದರು. ಅಜ್ಜಿ ಲೆಕ್ಕ ಹಾಕಿದರು. "ಸರಿಯಾಗಿ ಹೋಗಿ ಐದು ದಿನ ಆಯ್ತು. ಆದ್ರೆ ದಿನಾ ಚಡ್ಡಿಯಲ್ಲಿ ನೀರು ನೀರಾಗಿ ಸ್ವಲ್ಪ ಸ್ವಲ್ಪ ಹೋಗ್ತದೆ. ಭೇದಿ ಅಲ್ವಾ ಅಂತ ನಾನು ಹಣ್ಣೇ ಕೊಡ್ಲಿಲ್ಲ."

ಇದು ಭೇದಿ ಅಲ್ಲದೇ ಇರಬಹುದು ಎಂದೆ. ಮಲ ಗಟ್ಟಿಯಾಗಿ ಕರುಳಿನ ಕೊನೆಯಲ್ಲಿ ಕೂತುಬಿಟ್ಟರೆ, ಹಿಂದಿನಿಂದ ಬರುವ ತೆಳು ಮಲ ಅದರ ಬದಿಯಿಂದ ಸೋರುತ್ತದೆ. ತೋಟದ ಕಣಿಗೆ ಅಡಿಕೆ ಹಾಳೆ ಅಡ್ಡ ಬಿದ್ದಾಗ ನೀರು ಪಕ್ಕದಿಂದ ಹೋಗುವುದಿಲ್ಲವೇ, ಹಾಗೆ. ಅಜ್ಜಿಗೆ ತಕ್ಷಣ ಅರ್ಥವಾಯಿತು. ಒಮ್ಮೆ ನೋವಾದರೆ ಮಗು ಮುಂದಿನ ಸಲ ತಡೆದು ಹಿಡಿಯುತ್ತದೆ. ತಡೆದಷ್ಟೂ ಗಟ್ಟಿ. ಬಾಗಿಲ ಹಿಂದೆ ಕಾಲು ಬಿಗಿಹಿಡಿದದ್ದು ಅದಕ್ಕೇ ಇರಬೇಕು.

ನಾನು ಡಾಕ್ಟರ್ ಅಲ್ಲ. ಮೊದಲು ಮಕ್ಕಳ ವೈದ್ಯರ ಹತ್ತಿರ ಕಳಿಸಿದೆ. ಅವರು ಹೊಟ್ಟೆ ಮುಟ್ಟಿ ನೋಡಿ, ಮಲಬದ್ಧತೆಯೇ ಎಂದು ಪಾಲಿಎಥಿಲೀನ್ ಗ್ಲೈಕಾಲ್ ಬರೆದುಕೊಟ್ಟರು. ಮಲದಲ್ಲಿ ನೀರು ಉಳಿಸಿ ಮೆದು ಮಾಡುವ ಪುಡಿ ಅದು. ಹಲವು ತಿಂಗಳು ಬೇಕಾಗಬಹುದು, ಎರಡು ದಿನ ಸರಿಯಾಯ್ತು ಅಂತ ಸುಮ್ನೆ ನಿಲ್ಲಿಸಬೇಡಿ ಎಂದೂ ಹೇಳಿದರು. ರಕ್ತ ಕಂಡರೆ, ವಾಂತಿಯಾದರೆ, ಹೊಟ್ಟೆ ಉಬ್ಬಿದರೆ, ತೂಕ ಇಳಿದರೆ ಕಾಯದೆ ಬರಬೇಕು.

ಮುಂದಿನ ಸಲ ಬಂದಾಗ ತಾಯಿ ಕೇಳಿದರು, "ಹಾಗಾದ್ರೆ ಪ್ರೋಬಯಾಟಿಕ್ ಸುಳ್ಳಾ?"

ಪೂರ್ತಿ ಸುಳ್ಳು ಅನ್ನಲಾಗದು. ಆಟಿಸಂ ಇರುವ ಮಕ್ಕಳಲ್ಲಿ ಹೊಟ್ಟೆಯ ತೊಂದರೆ ಬೇರೆ ಮಕ್ಕಳಿಗಿಂತ ಜಾಸ್ತಿ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2014ರ ಲೆಕ್ಕದಲ್ಲಿ ಅದು ಸುಮಾರು ನಾಲ್ಕು ಪಟ್ಟು. ಆದರೆ ಪುಡಿ ಕೊಟ್ಟರೆ ಆಟಿಸಂ ಹೋಗುತ್ತದೆಯೇ? ಇಟಲಿಯಲ್ಲಿ 85 ಪುಟ್ಟ ಮಕ್ಕಳ ಮೇಲೆ ಆರು ತಿಂಗಳು ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೋಡಿದರೆ ಆಟಿಸಂನ ತೀವ್ರತೆಯಲ್ಲಿ ಪುಡಿ ತಿಂದವರಿಗೂ ತಿನ್ನದವರಿಗೂ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಹೊಟ್ಟೆನೋವು, ಮಲಬದ್ಧತೆಯಂಥ ತೊಂದರೆ ಮೊದಲೇ ಇದ್ದ ಮಕ್ಕಳಿಗೆ ಹೊಟ್ಟೆಯ ಮಟ್ಟಿಗೆ ಸ್ವಲ್ಪ ಗುಣ ಕಂಡಿತು. ಆಸ್ಟ್ರೇಲಿಯಾದ 247 ಮಕ್ಕಳ ಅಧ್ಯಯನ 2021ರಲ್ಲಿ ಇನ್ನೊಂದು ಮಾತು ಹೇಳಿತು. ಆಟಿಸಂ ಇರುವ ಮಕ್ಕಳು ತಿನ್ನುವ ಬಗೆಗಳೇ ಕಡಿಮೆ, ಕರುಳಿನ ಬ್ಯಾಕ್ಟೀರಿಯಾದಲ್ಲಿ ವೈವಿಧ್ಯ ಕಡಿಮೆಯಾಗುವುದು ಅದರಿಂದ ಇರಬಹುದು ಎಂದು. ಬಂಡಿಯ ಮುಂದೆ ಎತ್ತು ಇದೆಯೋ, ಎತ್ತಿನ ಮುಂದೆ ಬಂಡಿಯೋ ಎಂಬ ಪ್ರಶ್ನೆ.

ಈ ಹುಡುಗ ತಿನ್ನುತ್ತಿದ್ದದ್ದೇ ಆರು ಬಗೆ. ಅದರಲ್ಲಿ ಮೊಸರನ್ನ, ಬಿಸ್ಕತ್ತು, ಹಾಲು ಹೋದ ಮೇಲೆ ಉಳಿದದ್ದು ಬಿಳಿ ಅನ್ನ, ಹಪ್ಪಳ, ನೇಂದ್ರ ಚಿಪ್ಸ್. ಮನೆಯ ಮೊಸರನ್ನು ನಿಲ್ಲಿಸಿ ಪೊಟ್ಟಣದಲ್ಲಿ ಬ್ಯಾಕ್ಟೀರಿಯಾ ತಂದ ಹಾಗಾಯಿತು! (ಮೊಸರಿನದ್ದೂ ಪುಡಿಯದ್ದೂ ಒಂದೇ ಜಾತಿ ಅಲ್ಲ, ಅದು ಬೇರೆ ಮಾತು.) ಅಲರ್ಜಿ ಇಲ್ಲ ಎಂದು ವೈದ್ಯರು ಹೇಳಿದ ಮೇಲೆ ಮೂರನ್ನೂ ವಾಪಸ್ ತರಿಸಿದೆ. ಪಪ್ಪಾಯಿಯ ಒಂದು ಚೂರನ್ನು ತಟ್ಟೆಯ ಅಂಚಿನಲ್ಲಿ ಇಡಿ, ತಿನ್ನು ಎನ್ನಬೇಡಿ ಎಂದೆ.

ಪುಡಿಯ ಬಗ್ಗೆ ಹೇಳಿದ್ದು ಇಷ್ಟು. ಮುಂದುವರಿಸುವ ಆಸೆ ಇದ್ದರೆ ವೈದ್ಯರನ್ನು ಕೇಳಿ. ರೋಗನಿರೋಧಕ ಶಕ್ತಿ ತೀರ ಕಡಿಮೆ ಇರುವ ಮಕ್ಕಳಿಗಂತೂ ಕೇಳದೆ ಕೊಡಲೇಬಾರದು. ಒಟ್ಟಿಗೆ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಕ್ಯಾಲೆಂಡರಿನಲ್ಲಿ ಕಕ್ಕಸು, ನಿದ್ದೆ, ಹೊಟ್ಟೆ ಒತ್ತಿದ್ದು ಬರೆಯಿರಿ. ಮಾತನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಮಾತಿಗೆ ಥೆರಪಿ ಇದೆ, ಅದನ್ನು ಮೊದಲಿನಂತೆ ಎರಡು ಸಲ ಮಾಡಿ.

ಇನ್ನು ಕಕ್ಕಸಿನ ಅಭ್ಯಾಸ. ಮನೆಯಲ್ಲಿ ಇರುವುದು ಎತ್ತರದ ಕಮೋಡ್. ಮಗುವಿನ ಕಾಲು ಗಾಳಿಯಲ್ಲಿ ನೇತಾಡಿದರೆ ತಿಣುಕಲು ಬಲ ಸಿಗುವುದಿಲ್ಲ. ಕಾಲಡಿಗೆ ಏನಾದರೂ ಇಡಬೇಕೆಂದೆ. ಅಜ್ಜಿ ಊಟದ ಮಣೆ ಕೊಟ್ಟರು, ಎರಡು, ಒಂದರ ಮೇಲೊಂದು. ತಿಂದ ಮೇಲೆ ಕರುಳು ತಾನಾಗಿ ಚುರುಕಾಗುವುದರಿಂದ ಬೆಳಗ್ಗೆ ತಿಂಡಿಯಾದ ತಕ್ಷಣ ಐದು ನಿಮಿಷ ಕೂರಿಸುವುದು, ಬಂದರೂ ಬರದಿದ್ದರೂ. ಫ್ಲಶ್ ಸದ್ದಿಗೆ ಅವನು ಕಿವಿ ಮುಚ್ಚುತ್ತಿದ್ದ, ಹಾಗಾಗಿ ಅವನು ಹೊರಗೆ ಹೋದ ಮೇಲೆ ಫ್ಲಶ್.

ಆರು ವಾರದ ನಂತರ ಅಜ್ಜಿ ಕ್ಯಾಲೆಂಡರನ್ನೇ ಮಡಚಿ ತಂದಿದ್ದರು. ಹೋದ ದಿನಕ್ಕೆ ಗೀಟು, ಇಲ್ಲದ ದಿನಕ್ಕೆ ಸೊನ್ನೆ. ಕೊನೆಯ ಎರಡು ವಾರದಲ್ಲಿ ಸೊನ್ನೆ ಬರೀ ಐದು. ಮೇಜಿನ ಮೂಲೆಗೆ ಒತ್ತಿ ನಿಲ್ಲುವುದು ನಿಂತಿದೆ. ರಾತ್ರಿ ಏಳುವುದು ಕಡಿಮೆಯಾಗಿದೆ. ಪಪ್ಪಾಯಿಯನ್ನು ಮೂಸಿ ನೋಡುತ್ತಾನೆ, ಅಷ್ಟೇ. ಮಾತು ಇನ್ನೂ ಬಂದಿಲ್ಲ. ಪ್ರೋಬಯಾಟಿಕ್ ಡಬ್ಬ ಮುಗಿದ ಮೇಲೆ ತಾಯಿ ಮತ್ತೆ ತರಲಿಲ್ಲ. ದುಬೈಯಿಂದ ಮಾತ್ರ ಫೋನಿನಲ್ಲಿ ಇನ್ನೂ ತಕರಾರು ನಡೆದಿದೆಯಂತೆ.

ಅಜ್ಜಿಯದ್ದು ಬೇರೆಯೇ ಚಿಂತೆ. ಆ ಎರಡು ಮಣೆ ಇನ್ನು ಊಟಕ್ಕಾಗುವುದಿಲ್ಲವಲ್ಲ, ಹೊಸದು ಮಾಡಿಸಲು ಆಚಾರಿಗೆ ಹೇಳಿದ್ದಾರೆ.